ವಕೀಲರ ಸಂಘಗಳು ಯಾರ ಪರ ನಿಲ್ಲಬೇಕು?

ಮಾನ್ಯ ಸಂಪಾದಕರೇ,

ವಕೀಲರ ಸಂಘವೆಂದರೆ ಸದಸ್ಯತ್ವ ಶುಲ್ಕ, ಗ್ರಂಥಾಲಯ, ಪದಾಧಿಕಾರಿಗಳ ಚುನಾವಣೆ ಎಂದಷ್ಟೇ ತಿಳಿಯುವ ಕಾಲ ಹೋಯಿತು. 2007ರಲ್ಲಿ ಪಾಕಿಸ್ತಾನದ ಮುಖ್ಯ ನ್ಯಾಯಮೂರ್ತಿ ಇಫ್ತಿಕಾರ್ ಚೌಧರಿ ಅವರನ್ನು ಅಧ್ಯಕ್ಷ ಮುಷರಫ್ ಹುದ್ದೆಯಿಂದ ಸರಿಸಿದಾಗ ಕರಿಕೋಟು ತೊಟ್ಟವರು ಬೀದಿಗಿಳಿದು ಲಾಠಿ ಏಟು ತಿಂದರು. 2009ರಲ್ಲಿ ಚೌಧರಿ ಪೀಠಕ್ಕೆ ಮರಳುವವರೆಗೂ ಪಟ್ಟು ಬಿಡಲಿಲ್ಲ. ಟ್ಯುನೀಷಿಯಾದ ವಕೀಲರ ಸಂಘವಂತೂ ದೇಶದ ಬಿಕ್ಕಟ್ಟನ್ನು ಮಾತುಕತೆಯಿಂದ ಬಿಡಿಸಿದ ನಾಲ್ಕು ಸಂಘಟನೆಗಳ ಕೂಟದಲ್ಲಿದ್ದು, 2015ರ ನೊಬೆಲ್ ಶಾಂತಿ ಪ್ರಶಸ್ತಿಯಲ್ಲಿ ಪಾಲು ಪಡೆಯಿತು.

ಆದರೆ ಇದಕ್ಕಿಂತ ಕಠಿಣವಾದ ಪರೀಕ್ಷೆಯೊಂದಿದೆ. ಜನರ ಸಿಟ್ಟಿಗೆ ಗುರಿಯಾದ ಆರೋಪಿಯ ಪರ ಯಾರೂ ವಕಾಲತ್ತು ವಹಿಸಬಾರದೆಂದು ಸಂಘವೇ ನಿರ್ಣಯಿಸಿದರೆ ಅದು ಕಾನೂನಿನ ಆಳ್ವಿಕೆಯ ಬುಡಕ್ಕೇ ಕೊಡಲಿ ಪೆಟ್ಟು. ವಕೀಲರನ್ನು ಅವರ ಕಕ್ಷಿದಾರರೊಂದಿಗೆ ಸಮೀಕರಿಸಬಾರದೆಂದು ವಕೀಲರ ಪಾತ್ರ ಕುರಿತ ವಿಶ್ವಸಂಸ್ಥೆಯ 1990ರ ಮೂಲ ತತ್ವಗಳು ಸ್ಪಷ್ಟವಾಗಿ ಹೇಳುತ್ತವೆ. ಅಂಥ ವಕೀಲರಿಗೆ ಬೆದರಿಕೆ ಬಂದಾಗ ಮೊದಲು ಧಾವಿಸಬೇಕಾದದ್ದು ಸಂಘವೇ. ನ್ಯಾಯಾಧೀಶರು ತಮ್ಮ ಪರವಾಗಿ ತಾವೇ ಬಹಿರಂಗವಾಗಿ ವಾದಿಸಲಾರರು. ಆ ದನಿಯೂ ವಕೀಲರದ್ದೇ ಆಗಬೇಕು. ಹಾಗೆಂದು, ತಮ್ಮವರೇ ತಪ್ಪು ಮಾಡಿದಾಗ ಶಿಸ್ತುಕ್ರಮಕ್ಕೆ ಹಿಂಜರಿಯುವ ಸಂಘದ ಮಾತನ್ನು ಸರ್ಕಾರವಾಗಲಿ ಜನರಾಗಲಿ ಏಕೆ ಕೇಳಬೇಕು?

– ಒಬ್ಬ ಓದುಗ