ಮೇಲುಕೋಟೆ ಬೆಟ್ಟ ಮತ್ತು ಕೊಳಗಳಲ್ಲಿ ಪ್ರವಾಸಿಗರು ಬಿಡುವ ಕಸ: ಜಿಲ್ಲಾಧಿಕಾರಿಗಳಿಗೆ ನಿವಾಸಿಗಳ ಮನವಿ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಮಂಡ್ಯ ಜಿಲ್ಲೆ, ಮಂಡ್ಯ.

ಇವರಿಂದ,
ಮೇಲುಕೋಟೆಯ ನಿವಾಸಿಗಳು,
ಪಾಂಡವಪುರ ತಾಲ್ಲೂಕು.

ವಿಷಯ: ಯೋಗಾನರಸಿಂಹಸ್ವಾಮಿ ಬೆಟ್ಟ, ಕಲ್ಯಾಣಿ, ಅಕ್ಕ-ತಂಗಿ ಕೊಳ, ರಾಯಗೋಪುರ ಮತ್ತು ಧನುಷ್ಕೋಟಿಯ ಸುತ್ತ ಪ್ರವಾಸಿಗರು ಬಿಟ್ಟು ಹೋಗುತ್ತಿರುವ ಕಸವನ್ನು ತಡೆಯಲು ಬೆಟ್ಟದ ಬುಡದಲ್ಲೇ ತಪಾಸಣೆ ಮತ್ತು ಠೇವಣಿ ವ್ಯವಸ್ಥೆ ಮಾಡುವ ಬಗ್ಗೆ.

ಮಾನ್ಯರೇ,

ಮೇಲುಕೋಟೆಗೆ ಬರುವ ಭಕ್ತರಿಂದ, ಪ್ರವಾಸಿಗರಿಂದ ನಮ್ಮ ಊರಿನ ಎಷ್ಟೋ ಮನೆಗಳಲ್ಲಿ ಒಲೆ ಉರಿಯುತ್ತಿದೆ. ಪುಳಿಯೋಗರೆ, ಸಕ್ಕರೆ ಪೊಂಗಲ್ ಮಾರುವವರು, ಹೂವು ಕಟ್ಟುವವರು, ಆಟೋ ಓಡಿಸುವವರು, ಕೈಮಗ್ಗದ ಪಂಚೆ ನೇಯುವವರು ಎಲ್ಲರೂ ಹೊರಗಿನಿಂದ ಬರುವ ಜನರನ್ನೇ ನಂಬಿದ್ದೇವೆ. ಆದ್ದರಿಂದ ಜನ ಬರುವುದನ್ನು ತಡೆಯಿರಿ ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ. ಬಂದವರು ಬೆಟ್ಟಕ್ಕೆ ಹೊತ್ತೊಯ್ದ ಬಾಟಲಿ, ತಟ್ಟೆ, ಪೊಟ್ಟಣಗಳನ್ನು ಅಲ್ಲೇ ಬಿಟ್ಟು ಕೈಬೀಸಿಕೊಂಡು ಇಳಿಯುತ್ತಿದ್ದಾರೆ. ಮೇಲೆ ಹೋದದ್ದು ಕೆಳಗೆ ಬರುವಂತೆ ಮಾಡುವ ಏರ್ಪಾಡು ಇಂದಿಗೂ ಆಗಿಲ್ಲ. ನಮ್ಮ ಅಹವಾಲು ಇಷ್ಟೇ.

ಯಾವುದಾದರೂ ಸೋಮವಾರ ಬೆಳಗ್ಗೆ ಯೋಗಾನರಸಿಂಹಸ್ವಾಮಿ ಬೆಟ್ಟದ ಮೆಟ್ಟಿಲು ಹತ್ತಿ ನೋಡಬೇಕು. ದಣಿವಾರಿಸಿಕೊಳ್ಳಲು ಜನ ಕೂರುವ ಮಂಟಪಗಳ ಹಿಂಬದಿಯಲ್ಲಿ ನೀರಿನ ಬಾಟಲಿ, ಟೀ ಕುಡಿದು ಎಸೆದ ಲೋಟ, ಚಿಪ್ಸ್ ಪೊಟ್ಟಣ, ಗುಟ್ಕಾ ಚೀಟಿ, ಮಗುವಿನ ಡೈಪರ್ ಎಲ್ಲವೂ ಬಿದ್ದಿರುತ್ತವೆ. ಕೆಲವರು ತಿಂಡಿ ತಿಂದು ಉಳಿದದ್ದನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಗಂಟು ಹಾಕಿ, ಅಚ್ಚುಕಟ್ಟಾಗಿ ಗೋಡೆಗೆ ಒರಗಿಸಿಟ್ಟು ಹೋಗುತ್ತಾರೆ. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ, ಯಾರಾದರೂ ಬಂದು ಒಯ್ಯುತ್ತಾರೆ ಅಂದುಕೊಂಡಿರುತ್ತಾರೆ. ಆದರೆ ಅವರು ನಾಲ್ಕು ಮೆಟ್ಟಿಲು ಇಳಿಯುವಷ್ಟರಲ್ಲಿ ಕೋತಿಗಳು ಆ ಗಂಟನ್ನು ಬಂಡೆಯ ಮೇಲಕ್ಕೆ ಎಳೆದೊಯ್ದು ಹರಿದು ಹರಡಿರುತ್ತವೆ. ಮೊಸರನ್ನ ಅಂಟಿದ ಚೀಲವನ್ನು ಮರಿಕೋತಿ ಬಾಯಲ್ಲಿ ಜಗಿಯುತ್ತ ಕೂತಿರುವುದನ್ನು ನಾವು ಮತ್ತೆ ಮತ್ತೆ ನೋಡುತ್ತಿದ್ದೇವೆ. ಬಂಡೆಗಳ ಮರೆಯಲ್ಲಿ ಮದ್ಯದ ಬಾಟಲಿ ಒಡೆದು ಹೋಗುವವರೂ ಇದ್ದಾರೆ. ಹರಕೆ ಹೊತ್ತವರು ಬರಿಗಾಲಲ್ಲಿ ಹತ್ತುವ ಬೆಟ್ಟ ಇದು.

ಇಲ್ಲಿ ಒಂದು ವಿಚಾರ ತಮ್ಮ ಗಮನಕ್ಕೆ ಬರಬೇಕು. ನೀರಿನ ಬಾಟಲಿಗಳಲ್ಲಿ ಒಂದಷ್ಟನ್ನು ಗುಜರಿ ಆಯುವವರು ಹೇಗೋ ಒಯ್ಯುತ್ತಾರೆ, ಅದಕ್ಕೆ ಬೆಲೆ ಇದೆ. ಚಿಪ್ಸ್ ಪೊಟ್ಟಣ, ಶಾಂಪೂ ಚೀಟಿ, ಒಳಗೆ ಪ್ಲಾಸ್ಟಿಕ್ ಲೇಪವಿರುವ ಕಾಗದದ ಲೋಟ ಮತ್ತು ತಟ್ಟೆಗಳನ್ನು ಯಾವ ಗುಜರಿ ಅಂಗಡಿಯೂ ಕೊಳ್ಳುವುದಿಲ್ಲ. ಹಾಗಾಗಿ ಬೆಟ್ಟದ ಮೇಲೆ ವರ್ಷಗಟ್ಟಲೆ ಕೂಡಿಬೀಳುತ್ತಿರುವುದು ಯಾರಿಗೂ ಬೇಡವಾದ ಈ ಜಾತಿಯ ಕಸ. ಬಿಸಿಲಿಗೆ ಒಣಗಿ, ಕೈಯಲ್ಲಿ ಹಿಡಿದರೆ ಪುಡಿಪುಡಿಯಾಗಿ ಉದುರುವ ಸ್ಥಿತಿಗೆ ಬಂದ ಮೇಲೆ ಅದನ್ನು ಹೆಕ್ಕುವುದೂ ಸಾಧ್ಯವಿಲ್ಲ.

ಮಳೆ ಬಂದಾಗ ಇನ್ನೊಂದು ತೊಂದರೆ. ನಮ್ಮದು ಕಲ್ಲುಬೆಟ್ಟ, ಬಿದ್ದ ನೀರು ನಿಲ್ಲದೆ ಇಳಿಯುತ್ತದೆ. ಹಿರಿಯರು ಇಳಿಯುವ ನೀರನ್ನು ಹಿಡಿದಿಡಲೆಂದೇ ಊರ ತುಂಬ ಕೊಳಗಳನ್ನು ಕಟ್ಟಿದರು. ಬಂಡೆಗಳ ಇಳಿಜಾರು, ಕಲ್ಲುಕಾಲುವೆ, ಕೊಳ ಒಂದಕ್ಕೊಂದು ಕೂಡಿಕೊಂಡಿವೆ. ಈಗ ಮೊದಲ ಮಳೆಗೇ ಬೆಟ್ಟದ ಕಸವೆಲ್ಲ ಆ ದಾರಿಯಲ್ಲೇ ಇಳಿದು ಬರುತ್ತದೆ. ಕಾಲುವೆಯ ಬಾಯಿಗೆ ಪೊಟ್ಟಣಗಳು ಅಂಟಿ ಕೂತರೆ ಕೊಳಕ್ಕೆ ಬರಬೇಕಾದ ನೀರು ಬೀದಿಗೆ ನುಗ್ಗುತ್ತದೆ, ಕಾಲುವೆ ದಾಟಿ ಹೋದ ಕಸ ಕಲ್ಯಾಣಿಯ ಮೆಟ್ಟಿಲಿನ ಮೂಲೆಗಳಲ್ಲಿ ತೇಲುತ್ತದೆ. ಕಲ್ಯಾಣಿಯಲ್ಲಿ ಮಿಂದವರು ಉಟ್ಟ ಬಟ್ಟೆಯನ್ನು ಅಲ್ಲೇ ಬಿಟ್ಟು ಹೋಗುವ ರೂಢಿಯೂ ಹೆಚ್ಚಾಗಿದೆ. ಇದು ಶಾಸ್ತ್ರ ಎಂದು ಅವರಿಗೆ ಯಾರು ಹೇಳಿದರೋ ಗೊತ್ತಿಲ್ಲ. ನಮ್ಮ ಊರಿನ ಯಾವ ಹಿರಿಯರೂ ಹಾಗೆ ಹೇಳಿದ್ದನ್ನು ನಾವು ಕೇಳಿಲ್ಲ. ಕಾರ್ತಿಕದಲ್ಲಿ ಅಷ್ಟತೀರ್ಥೋತ್ಸವಕ್ಕೆ, ತೊಟ್ಟಿಲಮಡು ಜಾತ್ರೆಗೆ ಬರುವ ಜನ ಎಂಟು ತೀರ್ಥಗಳನ್ನೂ ಸುತ್ತಿ ನೀರು ಪ್ರೋಕ್ಷಿಸಿಕೊಳ್ಳುತ್ತಾರೆ. ಆ ನೀರಿನ ಸ್ಥಿತಿ ನೋಡಿ ಊರಿನವರಾದ ನಾವು ತಲೆತಗ್ಗಿಸಬೇಕಾಗಿದೆ.

ಈಚಿನ ವರ್ಷಗಳಲ್ಲಿ ಮದುವೆಗೆ ಮುಂಚಿನ ಫೋಟೋ, ವಿಡಿಯೋ ತೆಗೆಯುವವರು ಬಹಳ ಬರುತ್ತಿದ್ದಾರೆ. ರಾಯಗೋಪುರ ಮತ್ತು ಅಕ್ಕ-ತಂಗಿ ಕೊಳ ಅವರಿಗೆ ಅಚ್ಚುಮೆಚ್ಚು. ಬರಲಿ, ಚೆಲುವಾದ ಜಾಗಕ್ಕೆ ಜನ ಬರುವುದು ಸಹಜ. ಆದರೆ ಜೋಡಿಯ ಮೇಲೆ ಮಿರುಗುವ ಬಣ್ಣದ ಚೂರುಗಳನ್ನು ಸಿಡಿಸುವ ಕೊಳವೆಗಳನ್ನು ತರುತ್ತಾರೆ. ಒಂದು ಸಲ ಸಿಡಿಸಿದರೆ ಕಾಳುಮೆಣಸಿನಷ್ಟು ಅಗಲದ ಸಾವಿರಾರು ಪ್ಲಾಸ್ಟಿಕ್ ಚೂರುಗಳು ಕಲ್ಲುಚಪ್ಪಡಿಗಳ ಸಂದಿಗೆ ಇಳಿಯುತ್ತವೆ. ಪೊರಕೆಗೆ ಅವು ಬರುವುದಿಲ್ಲ, ಕೂತು ಉಗುರಿನಿಂದ ಒಂದೊಂದಾಗಿ ಕೀಳಬೇಕು. ನಮ್ಮ ಕಡೆಯ ಹೆಣ್ಣುಮಕ್ಕಳು ಕೊಳದ ಮೆಟ್ಟಿಲ ಮೇಲೆ ಕುಕ್ಕರುಗಾಲಲ್ಲಿ ಕೂತು ಈ ಕೆಲಸ ಮಾಡಿದ್ದಾರೆ. ಅರ್ಧ ಗಂಟೆಯ ಚಿತ್ರೀಕರಣದ ಕಸ ತೆಗೆಯಲು ಅರ್ಧ ದಿನ ಹಿಡಿಯುತ್ತದೆ, ಆಮೇಲೂ ಬಿಸಿಲು ಬಿದ್ದಾಗ ಕಲ್ಲಿನ ನಡುವೆ ಚೂರು ಮಿಂಚುತ್ತಲೇ ಇರುತ್ತದೆ.

ಮೇಲುಕೋಟೆಯ ಸುತ್ತಲಿನ ಕಾಡು ಅಭಯಾರಣ್ಯ ಎಂಬುದು ಬಂದವರಲ್ಲಿ ಬಹುಪಾಲು ಜನರಿಗೆ ತಿಳಿದೇ ಇಲ್ಲ. ತೋಳಗಳ ರಕ್ಷಣೆಗೆಂದು 1974ರಲ್ಲಿ ಘೋಷಣೆಯಾದ, ಸುಮಾರು 50 ಚದರ ಕಿಲೋಮೀಟರಿನ ಕುರುಚಲು ಕಾಡು ಇದು. ಚಿರತೆ, ನವಿಲುಗಳೂ ಇಲ್ಲಿವೆ. ಬಂಡೆಗಳ ಮೇಲಿನ ದೊಣೆಗಳಲ್ಲಿ ನಿಂತ ನೀರನ್ನೇ ಪ್ರಾಣಿ ಪಕ್ಷಿಗಳು ಕುಡಿಯುತ್ತವೆ, ಆ ದೊಣೆಗಳಲ್ಲೂ ಈಗ ಬಾಟಲಿ ಮುಚ್ಚಳ ತೇಲುತ್ತಿವೆ. ಬೇಸಿಗೆಯಲ್ಲಿ ಹುಲ್ಲು ಒಣಗಿ ನಿಂತಾಗ ಕಸದ ಗುಡ್ಡೆಗೆ ಯಾರೋ ಕಡ್ಡಿ ಗೀರುತ್ತಾರೆ. ಅಭಯಾರಣ್ಯದೊಳಗೆ ಬೆಂಕಿ ಹಚ್ಚುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸಿದೆ. ಕಸ ಇಲ್ಲದಿದ್ದರೆ ಹಚ್ಚುವ ನೆಪವೇ ಇರುವುದಿಲ್ಲ.

ಕಾನೂನಿಗೆ ಕೊರತೆ ಇಲ್ಲ. ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚಗಳನ್ನು ನಮ್ಮ ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲೇ ನಿಷೇಧಿಸಿತು. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಸಾಮಾನುಗಳ ಮೇಲೆ ಕೇಂದ್ರದ ನಿಷೇಧ 2022ರ ಜುಲೈ 1ರಿಂದ ಇದೆ. ನೂರಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮ ಮಾಡುವವರು ಮೂರು ಕೆಲಸದ ದಿನ ಮೊದಲೇ ಸ್ಥಳೀಯ ಸಂಸ್ಥೆಗೆ ತಿಳಿಸಬೇಕು, ಕಸವನ್ನು ಅಲ್ಲೇ ಬೇರ್ಪಡಿಸಬೇಕು ಎಂದು ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲೇ ಬರೆಯಲಾಗಿದೆ. ಕೊರತೆ ಇರುವುದು ಇದನ್ನು ಬೆಟ್ಟದ ಮೇಲೆ ಜಾರಿ ಮಾಡುವವರು ಯಾರು ಎಂಬಲ್ಲಿ. ದೇವಸ್ಥಾನ ಧಾರ್ಮಿಕ ದತ್ತಿ ಇಲಾಖೆಯದು, ಬೀದಿ ಪಂಚಾಯಿತಿಯದು, ಕಾಡು ಅರಣ್ಯ ಇಲಾಖೆಯದು. ಮಂಟಪದ ಹಿಂದೆ ಬಿದ್ದ ಕಸದ ಬಗ್ಗೆ ನಾವು ವಿಚಾರಿಸಿದಾಗ "ಅದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಎಂಬ ಉತ್ತರ ಒಂದು ಕಚೇರಿಯಲ್ಲಿ ಸಿಕ್ಕಿತು, ಇನ್ನೊಂದು ಕಚೇರಿಯಲ್ಲೂ ಅದೇ ಸಿಕ್ಕಿತು. ಸಿಬ್ಬಂದಿಯ ಮೇಲೆ ನಮಗೆ ಸಿಟ್ಟಿಲ್ಲ. ಸ್ವಚ್ಛವಾಹಿನಿ ಗಾಡಿ ರಸ್ತೆ ಇರುವವರೆಗೆ ಬರುತ್ತದೆ, ಮೆಟ್ಟಿಲು ಹತ್ತಲಾರದು. ನೂರಾರು ಮೆಟ್ಟಿಲಿನ ಮೇಲಿಂದ ಕಸದ ಮೂಟೆಯನ್ನು ಯಾರು ತಲೆಯ ಮೇಲೆ ಹೊತ್ತು ತರಬೇಕು, ಅವರಿಗೆ ಕೂಲಿ ಯಾರು ಕೊಡಬೇಕು ಎಂಬುದು ನಮಗೆ ತಿಳಿದಂತೆ ಎಲ್ಲೂ ತೀರ್ಮಾನವಾಗಿಲ್ಲ.

ವೈರಮುಡಿ ಉತ್ಸವದ ಉದಾಹರಣೆಯನ್ನೇ ತಮ್ಮ ಮುಂದಿಡುತ್ತೇವೆ. ಜಿಲ್ಲಾ ಖಜಾನೆಯಲ್ಲಿರುವ ವೈರಮುಡಿ ಕಿರೀಟವನ್ನು ಜಿಲ್ಲಾಡಳಿತವೇ ಪೊಲೀಸ್ ಬಂದೋಬಸ್ತಿನಲ್ಲಿ ಮೇಲುಕೋಟೆಗೆ ಕಳುಹಿಸಿಕೊಡುತ್ತದೆ. ಅದಕ್ಕಾಗಿ ಎಲ್ಲ ಇಲಾಖೆಗಳೂ ಒಂದೇ ಮೇಜಿನ ಸುತ್ತ ಕೂರುತ್ತವೆ. ಬಸ್ಸು, ನೀರು, ದೀಪ, ಆಂಬುಲೆನ್ಸ್ ಎಲ್ಲಕ್ಕೂ ಒಬ್ಬೊಬ್ಬ ಹೊಣೆಗಾರರು ನೇಮಕವಾಗುತ್ತಾರೆ. ಅಂದು ರಾತ್ರಿಯಿಡೀ ಜನ ಚೆಲುವನಾರಾಯಣನ ದರ್ಶನಕ್ಕೆ ನಿಂತಿರುತ್ತಾರೆ, ದಾನಿಗಳು ದಾರಿಯುದ್ದಕ್ಕೂ ಪಾನಕ, ಮಜ್ಜಿಗೆ, ಅನ್ನ ಹಂಚುತ್ತಾರೆ. ಬೆಳಗಾದರೆ ಆ ಲೋಟ ತಟ್ಟೆಗಳೆಲ್ಲ ಬೀದಿಯಲ್ಲಿ, ಕಾಲುವೆಯಲ್ಲಿ, ಕಲ್ಯಾಣಿಯ ದಡದಲ್ಲಿ ಇರುತ್ತವೆ. ಇಷ್ಟು ದೊಡ್ಡ ಉತ್ಸವವನ್ನು ಎಲ್ಲ ಇಲಾಖೆಗಳೂ ಕೂಡಿ ಚೆನ್ನಾಗಿ ನಡೆಸಿಕೊಡುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ವರ್ಷದ ಉಳಿದ ದಿನಗಳ ಕಸಕ್ಕೂ ಅದೇ ರೀತಿ ಒಬ್ಬ ಹೊಣೆಗಾರ ಅಧಿಕಾರಿಯನ್ನು ತಾವು ಹೆಸರಿಸಿ ಆದೇಶಿಸಬೇಕು. ಇದು ನಮ್ಮ ಮೊದಲ ಬೇಡಿಕೆ. ಇದೊಂದಾದರೆ ಉಳಿದವು ತಾವಾಗಿಯೇ ದಾರಿಗೆ ಬರುತ್ತವೆ ಎಂಬ ನಂಬಿಕೆ ನಮ್ಮದು.

ಎರಡನೆಯದು, ಬೆಟ್ಟದ ಬುಡದಲ್ಲಿ ತಪಾಸಣೆ ಮತ್ತು ಠೇವಣಿ. ಮೇಲೆ ಇನ್ನಷ್ಟು ಕಸದ ಬುಟ್ಟಿ ಇಡುವುದರಿಂದ ಪ್ರಯೋಜನವಿಲ್ಲ. ಕೋತಿಗಳಿರುವ ಜಾಗದಲ್ಲಿ ತೆರೆದ ಬುಟ್ಟಿ ಇಟ್ಟರೆ ಕಸವನ್ನು ಅವುಗಳ ಕೈಗೆ ಕೊಟ್ಟಂತೆ. ಮೆಟ್ಟಿಲು ಶುರುವಾಗುವಲ್ಲೇ ಒಂದು ಕಟ್ಟೆ ಇರಲಿ. ನೀರಿನ ಬಾಟಲಿ ಒಯ್ಯುವವರು ಇಂತಿಷ್ಟು ಠೇವಣಿ ಕಟ್ಟಿ ಚೀಟಿ ಅಂಟಿಸಿಕೊಂಡು ಹೋಗಲಿ, ಇಳಿದು ಬಂದು ಬಾಟಲಿ ತೋರಿಸಿದರೆ ಹಣ ವಾಪಸ್. ಯಾರೋ ಬಿಟ್ಟ ಚೀಟಿಯಿರುವ ಬಾಟಲಿಯನ್ನು ಬೇರೆಯವರು ತಂದುಕೊಟ್ಟರೂ ಹಣ ಕೊಡಬೇಕು. ಆಗ ಬಾಟಲಿ ಬೆಟ್ಟದ ಮೇಲೆ ಉಳಿಯುವುದೇ ಇಲ್ಲ. ಪೊಟ್ಟಣದ ತಿಂಡಿಯನ್ನು ಅಲ್ಲೇ ಕಾಗದದ ಚೀಲಕ್ಕೆ ಸುರಿದುಕೊಡಲಿ, ಖಾಲಿ ಪೊಟ್ಟಣ ಕೆಳಗೇ ಉಳಿಯಲಿ. ಮದ್ಯದ ಬಾಟಲಿಗಂತೂ ಒಳಗೆ ದಾರಿಯೇ ಇರಬಾರದು.

ಇದು ನಡೆಯದ ಮಾತು ಎಂದು ಹೇಳುವವರಿಗೆ ಹತ್ತಿರದಲ್ಲೇ ಉದಾಹರಣೆಗಳಿವೆ. ಮೈಸೂರು ಮೃಗಾಲಯದ ಬಾಗಿಲಲ್ಲೇ ಪ್ಲಾಸ್ಟಿಕ್‌ಗಾಗಿ ಚೀಲ ತಪಾಸಣೆ ಮಾಡುತ್ತಾರೆ, ಬೇಸರವಿಲ್ಲದೆ ಜನ ತೋರಿಸಿ ಒಳಗೆ ಹೋಗುತ್ತಾರೆ. ನೀಲಗಿರಿಯಲ್ಲಿ ಮದ್ರಾಸ್ ಹೈಕೋರ್ಟ್ ಸೂಚನೆಯಂತೆ 2022ರಿಂದ ಮದ್ಯದ ಬಾಟಲಿಗೆ 10 ರೂಪಾಯಿ ಹೆಚ್ಚು ಪಡೆದು, ಖಾಲಿ ಬಾಟಲಿ ಮರಳಿಸಿದಾಗ ವಾಪಸ್ ಕೊಡುತ್ತಿದ್ದಾರೆ. ತಿರುಮಲದಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿ ನಿಷೇಧವಾಗಿ ಗಾಜಿನ ಬಾಟಲಿ ಬಂದಿದೆ. ಮೇಲುಕೋಟೆಗೆ ಬರುವ ಭಕ್ತರಲ್ಲಿ ತಿರುಮಲಕ್ಕೆ ಹೋಗದವರು ಕಡಿಮೆ. ಅಲ್ಲಿ ಪಾಲಿಸುವ ಶಿಸ್ತನ್ನು ಇಲ್ಲಿ ಪಾಲಿಸಲು ಅವರಿಗೆ ಕಷ್ಟವಾಗಲಾರದು, ಕೇಳುವವರು ಇರಬೇಕು ಅಷ್ಟೇ.

ಬಾಟಲಿ ಬೇಡ ಎಂದ ಮೇಲೆ ನೀರು ಕೊಡುವುದು ನಮ್ಮೆಲ್ಲರ ಹೊಣೆ. ಬೆಟ್ಟದ ಬುಡದಲ್ಲೂ ದಾರಿಯ ನಡುವಿನ ಒಂದು ಮಂಟಪದಲ್ಲೂ ಶುದ್ಧ ಕುಡಿಯುವ ನೀರಿನ ವ್ಯವಸ್ಥೆ ಬೇಕು. ನಡುದಾರಿಯ ಅರವಟ್ಟಿಗೆಯನ್ನು ಬೇಸಿಗೆಯ ತಿಂಗಳುಗಳಲ್ಲಿ ನಾವೇ ಸರದಿಯಂತೆ ನಡೆಸಲು ಸಿದ್ಧ, ನೀರು ಮೇಲಕ್ಕೆ ತಲುಪಿಸುವ ಪೈಪಿನ ಕೆಲಸವನ್ನು ಮಾತ್ರ ಆಡಳಿತ ಮಾಡಿಕೊಡಬೇಕು. ಹಾಗೆಯೇ ಬುಡದಲ್ಲಿ ಬಳಸಲು ಯೋಗ್ಯವಾದ ಶೌಚಾಲಯ ಮತ್ತು ಡೈಪರ್, ಪ್ಯಾಡ್ ಹಾಕಲು ಮುಚ್ಚಳವಿರುವ ತೊಟ್ಟಿ ಬೇಕು. ಹಸುಗೂಸು ಎತ್ತಿಕೊಂಡು ಬಂದ ತಾಯಿಗೆ ಬೇರೆ ದಾರಿ ಕಾಣಿಸದೆ ಬಂಡೆಯ ಹಿಂದೆ ಬಿಟ್ಟರೆ ಆಕೆಯನ್ನು ಬೈಯುವುದು ನ್ಯಾಯವಲ್ಲ.

ಫೋಟೋ, ವಿಡಿಯೋ ಚಿತ್ರೀಕರಣಕ್ಕೆ ಅನುಮತಿ ಪತ್ರ ಕಡ್ಡಾಯವಾಗಲಿ. ಬಣ್ಣದ ಚೂರು, ಬಲೂನು, ಹೊಗೆಯ ಡಬ್ಬಿ ತರುವಂತಿಲ್ಲ ಎಂಬ ಷರತ್ತು ಅದರಲ್ಲಿರಲಿ. ಮುಂಗಡ ಹಣ ಕಟ್ಟಿಸಿಕೊಂಡು, ಜಾಗ ಸ್ವಚ್ಛವಾಗಿದೆ ಎಂದು ನೋಡಿದ ಮೇಲೆ ಹಿಂದಿರುಗಿಸಬೇಕು. ಹಬ್ಬಗಳಲ್ಲಿ ಅನ್ನ, ಪಾನಕ ಹಂಚುವ ದಾನಿಗಳಿಗೂ ಮುತ್ತುಗದ ಎಲೆ, ಬಾಳೆಎಲೆ, ಅಡಿಕೆ ಹಾಳೆ ಅಥವಾ ತೊಳೆದು ಬಳಸುವ ಸ್ಟೀಲ್ ಲೋಟಗಳನ್ನೇ ಬಳಸುವಂತೆ ಮೊದಲೇ ಸೂಚನೆ ಹೋಗಬೇಕು.

ಮೆಟ್ಟಿಲಿನ ದಾರಿಗೆಂದೇ ಸ್ವಚ್ಛತಾ ಕೆಲಸಗಾರರನ್ನು ನೇಮಿಸಬೇಕೆಂದು ಕೋರುತ್ತೇವೆ. ಅವರಿಗೆ ಕೈಗವಸು, ಗಟ್ಟಿ ಪಾದರಕ್ಷೆ, ಮೂಟೆ ಹೊರುವ ಕೆಲಸಕ್ಕೆ ತಕ್ಕ ಕೂಲಿ ಸಿಗಬೇಕು. ಕಸ ಎಸೆದವರಿಗೆ ಹಾಕುವ ದಂಡದಿಂದಲೂ ವಾಹನ ನಿಲುಗಡೆ ಶುಲ್ಕದ ಒಂದು ಪಾಲಿನಿಂದಲೂ ಇದನ್ನು ಭರಿಸಬಹುದು. ಗಾಜಿನ ಚೂರು ಬರಿಗೈಯಲ್ಲಿ ಆಯುವ ಹೆಂಗಸರನ್ನು ನೋಡಿಕೊಂಡು ಸುಮ್ಮನಿರಲು ನಮಗೆ ಆಗುತ್ತಿಲ್ಲ.

ನಮ್ಮ ಪಾಲಿನ ಕೆಲಸವನ್ನೂ ಬರೆದುಕೊಡುತ್ತಿದ್ದೇವೆ. ಈ ಮನವಿಗೆ ಸಹಿ ಹಾಕಿರುವ ಅಂಗಡಿ, ಹೋಟೆಲಿನವರು ಪುಳಿಯೋಗರೆ, ಪೊಂಗಲನ್ನು ಎಲೆಯ ದೊನ್ನೆಯಲ್ಲೇ ಕೊಡಲು ಒಪ್ಪಿದ್ದಾರೆ. ದೊನ್ನೆಗೆ ಖರ್ಚು ಸ್ವಲ್ಪ ಹೆಚ್ಚು, ಆದ್ದರಿಂದ ನಿಯಮ ಎಲ್ಲ ಅಂಗಡಿಗಳಿಗೂ ಒಂದೇ ದಿನ ಜಾರಿಯಾಗಲಿ, ಪಾಲಿಸಿದವನಿಗೆ ನಷ್ಟ ಆಗದಿರಲಿ ಎಂಬುದು ಅವರ ಕೋರಿಕೆ. ವಾರಾಂತ್ಯಗಳಲ್ಲಿ ತಪಾಸಣಾ ಕಟ್ಟೆಯ ಬಳಿ ನಿಂತು ಬಂದವರಿಗೆ ತಿಳಿಹೇಳಲು ಊರಿನ ಯುವಕರು ಮುಂದೆ ಬಂದಿದ್ದಾರೆ. ಪು.ತಿ.ನ. ಅವರ ಮನೆ ನೋಡಲು ಬರುವ ಶಾಲಾ ಮಕ್ಕಳ ತಂಡಗಳಿಗೆ, ಬಸ್ಸು ಇಳಿಯುತ್ತಿದ್ದಂತೆಯೇ, ಇದು ಅಭಯಾರಣ್ಯದ ಊರು ಎಂದು ಹೇಳಿ ಕರೆದೊಯ್ಯುತ್ತೇವೆ.

ಮುಂದಿನ ವೈರಮುಡಿ ಉತ್ಸವದ ಪೂರ್ವಸಿದ್ಧತಾ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಿ, ಆ ಸಭೆಗೆ ನಿವಾಸಿಗಳ ಪರವಾಗಿ ಇಬ್ಬರನ್ನು ಕರೆಯಬೇಕೆಂದು, ಅದಕ್ಕೆ ಮುಂಚೆ ಒಂದು ಸೋಮವಾರ ಬೆಳಗ್ಗೆ ತಾವು ಸಂಬಂಧಪಟ್ಟ ಅಧಿಕಾರಿಗಳೊಂದಿಗೆ ಬೆಟ್ಟದ ಮೆಟ್ಟಿಲು, ಕಲ್ಯಾಣಿ ಮತ್ತು ಅಕ್ಕ-ತಂಗಿ ಕೊಳವನ್ನು ಖುದ್ದಾಗಿ ಪರಿಶೀಲಿಸಬೇಕೆಂದು ವಿನಂತಿಸುತ್ತೇವೆ. ಈ ಮನವಿಯ ಮೇಲೆ ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕಾಗಿ ಕೋರಿಕೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿಗಳು,
ಮೇಲುಕೋಟೆಯ ನಿವಾಸಿಗಳು ಮತ್ತು ವರ್ತಕರು
(ಸಹಿಗಳ ಪಟ್ಟಿ ಮತ್ತು ಛಾಯಾಚಿತ್ರಗಳನ್ನು ಲಗತ್ತಿಸಿದೆ)

ಪ್ರತಿಗಳು:
ಉಪ ಅರಣ್ಯ ಸಂರಕ್ಷಣಾಧಿಕಾರಿಗಳು, ಮಂಡ್ಯ
ತಹಶೀಲ್ದಾರರು, ಪಾಂಡವಪುರ
ಕಾರ್ಯನಿರ್ವಾಹಕ ಅಧಿಕಾರಿಗಳು, ಶ್ರೀ ಚೆಲುವನಾರಾಯಣಸ್ವಾಮಿ ದೇವಸ್ಥಾನ, ಮೇಲುಕೋಟೆ
ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು, ಮೇಲುಕೋಟೆ