ಪುರುಷಪ್ರಧಾನ ಎಂದು ಬರೆಯುವ ಮೊದಲು

ಪ್ರೀತಿಯ ತಂಗಿ,

ನಿನ್ನ ಕಥೆಯನ್ನು ಕೂತಲ್ಲೇ ಓದಿ ಮುಗಿಸಿದೆ. ಮಾತುಕತೆ ತುಂಬಾ ಚೆನ್ನಾಗಿ ಬಂದಿದೆ. ಆದರೆ ಅಣ್ಣ ತಂಗಿಯ ಮೇಲೆ ಕೈ ಎತ್ತಿದ ಕೂಡಲೇ 'ಇದು ಪುರುಷಪ್ರಧಾನ ಸಮಾಜ' ಎಂದು ಬರೆದುಬಿಟ್ಟಿದ್ದೀಯ. ಕಥೆ ಅಲ್ಲೇ ನಿಂತುಹೋಯಿತು.

ಆ ಅಣ್ಣನದು ಗಂಡಸೆಂಬ ಅಹಂಕಾರ. ಅದು ಅವನೊಬ್ಬನ ಗುಣ. ಪುರುಷಪ್ರಧಾನ ಅನ್ನುವುದು ಒಂದು ಏರ್ಪಾಡು. ಮನೆಯಲ್ಲಿ ಒಬ್ಬರೂ ಕೆಟ್ಟವರಿಲ್ಲದಿದ್ದರೂ ಅದು ತನ್ನ ಪಾಡಿಗೆ ನಡೆಯುತ್ತಿರುತ್ತದೆ.

ಹಕ್ಕು ಬಿಡುಗಡೆ ಪತ್ರವನ್ನೇ ತಗೋ, ಅದೇ, ಆಸ್ತಿಯಲ್ಲಿ ತನ್ನ ಪಾಲನ್ನು ಬಿಟ್ಟುಕೊಟ್ಟೆ ಎಂದು ಬರೆದುಕೊಡುವ ಪತ್ರ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಕರ್ನಾಟಕ 1994ರಲ್ಲೇ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದಿತು. ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ಪಾಲು ಇರುವುದರಿಂದಲೇ ಈಗ ಅಕ್ಕತಂಗಿಯರ ಸಹಿ ಬೇಕು. ಅಣ್ಣ ತಾನೇ ಬಂದು ಕರೆದುಕೊಂಡು ಹೋಗುತ್ತಾನೆ. ಹೋಳಿಗೆ ಊಟ, ಹೊಸ ಸೀರೆ, ಮಡಿಲು ತುಂಬುವುದು ಎಲ್ಲ ಆಗುತ್ತದೆ. ಆಮೇಲೆ ಸಬ್ ರಿಜಿಸ್ಟ್ರಾರ್ ಆಫೀಸು. ಫೋಟೊ, ಹೆಬ್ಬೆರಳು, ಸಹಿ. ಪತ್ರದಲ್ಲಿ 'ಯಾರ ಒತ್ತಾಯವೂ ಇಲ್ಲದೆ, ಸ್ವಇಚ್ಛೆಯಿಂದ' ಎಂಬ ಸಾಲು ಇರುತ್ತದೆ. ನಿಜಕ್ಕೂ ಯಾರೂ ಗದರಿರುವುದಿಲ್ಲ. 'ನಾಳೆ ನಿಂಗೆ ತವರು ಅಂತ ಒಂದು ಇರಬೇಕಲ್ವಾ?' ಎಂದು ಹಿಂದಿನ ರಾತ್ರಿ ಅಮ್ಮನೇ ಹೇಳಿರುತ್ತಾಳೆ. ಅಮ್ಮನ ಆ ಮಾತಿನಲ್ಲಿ ಪ್ರೀತಿಯೂ ಇದೆ, ಭಯವೂ ಇದೆ. ನೀನು ಬರೆಯಬೇಕಾದದ್ದು ಅದನ್ನು.

ಇನ್ನೊಂದು ವಿಷಯ. ಪಿತೃಪ್ರಧಾನ, ಪುರುಷಪ್ರಧಾನ ಎರಡನ್ನೂ ಒಂದೇ ಎಂಬಂತೆ ಬಳಸಿದ್ದೀಯ. ತುಳುನಾಡಿನ ಅಳಿಯಸಂತಾನ ಕಟ್ಟು ನೆನಪಿಸಿಕೋ. ಅಲ್ಲಿ ವಂಶ, ಆಸ್ತಿ ಎರಡೂ ತಾಯಿಯ ಕಡೆಯಿಂದ ಬರುತ್ತಿದ್ದವು. ಹೆಂಗಸರಿಗೂ ಯಜಮಾನಿಕೆ ಬರಬಹುದಿತ್ತು. ಆದರೂ ಮನೆಯ ಕಾರುಬಾರು ಸಾಮಾನ್ಯವಾಗಿ ಸೋದರಮಾವನ ಕೈಯಲ್ಲಿರುತ್ತಿತ್ತು. ಅಂಥ ಮನೆಯನ್ನು ಪಿತೃಪ್ರಧಾನ ಅನ್ನಲು ಆಗುವುದಿಲ್ಲ. ಪುರುಷಪ್ರಧಾನ ಅನ್ನಬಹುದು.

ಲೇಖನ ಬರೆಯುವಾಗ ಪುರುಷಪ್ರಧಾನ ಎಂಬ ಪದವನ್ನು ಧೈರ್ಯವಾಗಿ ಬಳಸು. ಇದಕ್ಕೆ ಹೆಸರಿಟ್ಟು ಕರೆಯುವುದಕ್ಕೇ ಹೆಂಗಸರು ಎಷ್ಟೋ ಕಾಲ ಹೋರಾಡಿದ್ದಾರೆ. ಕಥೆಯಲ್ಲಿ ಮಾತ್ರ, ಪಾತ್ರದ ಬಾಯಲ್ಲಿ ಸಹಜವಾಗಿ ಬಂದರೆ ಇರಲಿ. ನಿರೂಪಣೆಯಿಂದ ತೆಗೆದುಬಿಡು.

ಮುಂದಿನ ಕರಡಿನಲ್ಲಿ ಆ ಅಣ್ಣನನ್ನು ಒಳ್ಳೆಯವನನ್ನಾಗಿ ಮಾಡಿ ನೋಡು. ತಂಗಿಯ ಕಾಲೇಜು ಫೀಸು ಕಟ್ಟಿದವನು, ಹೆರಿಗೆಯ ಹೊತ್ತಿಗೆ ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ಕಾದವನು. ಆಮೇಲೂ ಅವಳ ಸಹಿ ಹಾಕಿಸಲಿ. ಕಥೆ ಆಗ ಜಾಸ್ತಿ ಕಷ್ಟವಾಗುತ್ತದೆ. ಬರೆದು ಕಳಿಸು, ಕಾಯುತ್ತಿರುತ್ತೇನೆ.

ನಿನ್ನ ಅಕ್ಕ