ನೆಗೆಟಿವ್ ಬಂದ ಮಾತ್ರಕ್ಕೆ ಹೆಪಟೈಟಿಸ್ ಇಲ್ಲವೆಂದಲ್ಲ

ಮಾನ್ಯರೇ,

ಕೀಮೋ, ರಿಟುಕ್ಸಿಮ್ಯಾಬ್ (ರೋಗನಿರೋಧಕ ಬಿ ಕೋಶಗಳನ್ನು ನಾಶಪಡಿಸುವ ಔಷಧ) ಅಥವಾ ದೀರ್ಘಕಾಲದ ಸ್ಟೀರಾಯ್ಡ್ ಶುರು ಮಾಡುವ ಮುನ್ನ ಎಚ್‌ಬಿಎಸ್‌ಎಜಿ (ಹೆಪಟೈಟಿಸ್ ಬಿ ವೈರಸ್ಸಿನ ಹೊರಕವಚದ ಪ್ರೋಟೀನ್) ಪರೀಕ್ಷೆಯೊಂದನ್ನೇ ಮಾಡಿಸಿ, ಹೆಪಟೈಟಿಸ್ ಬಿ ಇಲ್ಲವೆಂದು ನಿಶ್ಚಿಂತರಾಗುವುದುಂಟು. ಇದು ಅಪಾಯಕಾರಿ.

ಎಂದೋ ಸೋಂಕು ತಗುಲಿ ತಾನಾಗಿಯೇ ವಾಸಿಯಾದವರ ಯಕೃತ್ತಿನ ಕೋಶಗಳೊಳಗೂ ವೈರಸ್ಸಿನ ಡಿಎನ್‌ಎ ಉಳಿದಿರುತ್ತದೆ. ಅದು ತಲೆಯೆತ್ತದಂತೆ ಅದುಮಿಟ್ಟಿರುವುದು ರೋಗನಿರೋಧಕ ಶಕ್ತಿ. ಔಷಧದಿಂದ ಆ ಹಿಡಿತ ಸಡಿಲವಾದಾಗ ಮೊದಲು ಏರುವುದು ವೈರಲ್ ಲೋಡ್, ಅಂದರೆ ರಕ್ತದಲ್ಲಿನ ವೈರಸ್ಸಿನ ಪ್ರಮಾಣ. ಆಗ ರೋಗಿಗೆ ಏನೂ ಗೊತ್ತಾಗದು. ಯಕೃತ್ತಿಗೆ ಹಾನಿಯಾದಾಗ ರಕ್ತದಲ್ಲಿ ಹೆಚ್ಚುವ ಎಎಲ್‌ಟಿ ಕಿಣ್ವ ಏರುವುದು ಸಾಮಾನ್ಯವಾಗಿ ವಾರಗಳ ನಂತರ, ಕಾಮಾಲೆ ಅದಕ್ಕೂ ಆಮೇಲೆ. ಎಷ್ಟೋ ಸಲ ಚಿಕಿತ್ಸೆ ಮುಗಿದ ಮೇಲೆ, ಚೇತರಿಸಿಕೊಂಡ ರೋಗನಿರೋಧಕ ಕೋಶಗಳೇ ಸೋಂಕಿತ ಯಕೃತ್ತಿನ ಮೇಲೆ ಮುಗಿಬೀಳುತ್ತವೆ. ಕೀಮೋದ ಅಡ್ಡಪರಿಣಾಮವಿರಬೇಕೆಂದು ಕಾಯುತ್ತಾ ಕುಳಿತರೆ ಯಕೃತ್ತು ವಿಫಲವಾಗಬಹುದು. ರಿಟುಕ್ಸಿಮ್ಯಾಬ್ ವಿಚಾರದಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2013ರಲ್ಲೇ ಈ ಕುರಿತು ಎಚ್ಚರಿಕೆಯನ್ನು ಬಿಗಿಗೊಳಿಸಿದೆ.

ಆದ್ದರಿಂದ ಎಚ್‌ಬಿಎಸ್‌ಎಜಿ ಜೊತೆಗೆ ಆ್ಯಂಟಿ-ಎಚ್‌ಬಿಸಿ (ವೈರಸ್ಸಿನ ಒಳತಿರುಳಿನ, ಅಂದರೆ ಕೋರ್‌ನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯ) ಪರೀಕ್ಷೆಯೂ ಆಗಲೇಬೇಕು. ಅದೂ ಹೊಸ, ಹಳೆಯ ಎರಡೂ ಸೋಂಕಿನ ಪ್ರತಿಕಾಯ ತೋರಿಸುವ 'ಟೋಟಲ್' ಆಗಿರಬೇಕು. ಹೊಸ ಸೋಂಕಿನಲ್ಲಿ ಕಾಣುವ ಐಜಿಎಂ ಪ್ರತಿಕಾಯ ಮಾತ್ರ ನೋಡಿದರೆ ಹಳೆಯ ಸೋಂಕು ಕಣ್ತಪ್ಪುತ್ತದೆ. ಇಮ್ಯುನೊಗ್ಲಾಬ್ಯುಲಿನ್ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳು) ಕೊಡುವುದಿದ್ದರೆ ರಕ್ತದ ಮಾದರಿ ಅದಕ್ಕೂ ಮುಂಚೆ ತೆಗೆಯಿರಿ. ಇಲ್ಲವಾದರೆ ದಾನಿಗಳ ಪ್ರತಿಕಾಯಗಳೇ ಪಾಸಿಟಿವ್ ತೋರಿಸುತ್ತವೆ.

ಎರಡರಲ್ಲಿ ಯಾವುದು ಪಾಸಿಟಿವ್ ಬಂದರೂ ರಕ್ತದಲ್ಲಿ ಎಚ್‌ಬಿವಿ (ಹೆಪಟೈಟಿಸ್ ಬಿ ವೈರಸ್) ಡಿಎನ್‌ಎ ನೋಡಬೇಕು. ಎಚ್‌ಬಿಎಸ್‌ಎಜಿ ಪಾಸಿಟಿವ್ ಇರುವವರಿಗೂ, ಕೋರ್ ಪ್ರತಿಕಾಯ ಮಾತ್ರ ಇದ್ದು ರಿಟುಕ್ಸಿಮ್ಯಾಬ್ ಪಡೆಯುವವರಿಗೂ ವೈರಸ್ಸನ್ನು ಹತ್ತಿಕ್ಕುವ ಎಂಟೆಕಾವಿರ್ ಅಥವಾ ಟೆನೊಫೊವಿರ್ ಮಾತ್ರೆಯನ್ನು ಮೊದಲೇ ಆರಂಭಿಸುವುದು ರೂಢಿ. ಎಂಟೆಕಾವಿರ್ ಖಾಲಿ ಹೊಟ್ಟೆಯಲ್ಲಿ, ಊಟವಾಗಿ ಎರಡು ಗಂಟೆಯ ನಂತರ ಮತ್ತು ಮುಂದಿನ ಊಟಕ್ಕೆ ಎರಡು ಗಂಟೆ ಮುಂಚೆ ತೆಗೆದುಕೊಳ್ಳಬೇಕು. ಮೂತ್ರಪಿಂಡ ದುರ್ಬಲವಿದ್ದರೆ ಪ್ರಮಾಣ ಬದಲಾಗುತ್ತದೆ. ಬಹಳಷ್ಟು ಜನ ಎಡವುವುದು ಕೊನೆಯಲ್ಲಿ: ಕೀಮೋ ಮುಗಿಯಿತೆಂದು ಈ ಮಾತ್ರೆಯನ್ನೂ ಬಿಟ್ಟುಬಿಡುತ್ತಾರೆ. ರಿಟುಕ್ಸಿಮ್ಯಾಬ್ ಪಡೆದವರು ಅದರ ಕೊನೆಯ ಡೋಸ್ ಬಳಿಕವೂ ಕನಿಷ್ಠ 12ರಿಂದ 18 ತಿಂಗಳು ಮಾತ್ರೆ ಮುಂದುವರಿಸಬೇಕು. ನಿಲ್ಲಿಸಿದ ಮೇಲೂ ಒಂದು ವರ್ಷ ಎಎಲ್‌ಟಿ, ಡಿಎನ್‌ಎ ಗಮನಿಸುತ್ತಿರಬೇಕು. ವೈದ್ಯರ ಮಾತಿಲ್ಲದೆ ಮಾತ್ರೆಯನ್ನು ಒಂದು ದಿನವೂ ಬಿಡಬಾರದು.

ಅಂಗಾಂಗ ಕಸಿ ಆದವರ ವಿಷಯದಲ್ಲಿ ಹೆಪಟೈಟಿಸ್ ಇ ಕೂಡ ಮರೆಯುವಂತಿಲ್ಲ. ಬೇರೆಯವರಲ್ಲಿ ಕೆಲವೇ ವಾರಗಳಲ್ಲಿ ಹೋಗುವ ಈ ಸೋಂಕು ಇವರಲ್ಲಿ ಮೂರು ತಿಂಗಳು ದಾಟಿ ಬೇರೂರಬಹುದು, ಕೆಲವೇ ವರ್ಷಗಳಲ್ಲಿ ಯಕೃತ್ತು ಗಾಯಗಟ್ಟಿ ಗಡುಸಾಗುವ ಸಿರೋಸಿಸ್‌ಗೂ ತಿರುಗಬಹುದು. ಇದನ್ನು ಮುಖ್ಯವಾಗಿ ಮಾಡುವುದು ಈ ವೈರಸ್ಸಿನ ಮೂರನೇ ಮತ್ತು ನಾಲ್ಕನೇ ಜೀನೋಟೈಪ್ (ತಳಿಬಗೆ). ಪ್ರತಿಕಾಯಗಳೇ ಸರಿಯಾಗಿ ಹುಟ್ಟದ ದೇಹದಲ್ಲಿ ಪ್ರತಿಕಾಯ ಪರೀಕ್ಷೆ ನೆಗೆಟಿವ್ ಬಂದರೆ ಅದನ್ನು ನಂಬುವುದು ಹೇಗೆ? ಎಎಲ್‌ಟಿ ಕಾರಣವಿಲ್ಲದೆ ಏರಿದ್ದರೆ ವೈರಸ್ಸನ್ನೇ ನೇರವಾಗಿ ಹುಡುಕುವ ಆರ್‌ಎನ್‌ಎ ಪಿಸಿಆರ್ ಪರೀಕ್ಷೆ ಮಾಡಿಸಬೇಕು. ಕಸಿಯಾದ ಅಂಗವನ್ನು ದೇಹ ತಿರಸ್ಕರಿಸದಿರಲೆಂದು ಕೊಡುವ, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧದ ಪ್ರಮಾಣ ತಗ್ಗಿಸಿದರೆ ಸುಮಾರು ಮೂವರಲ್ಲಿ ಒಬ್ಬರಿಗೆ ಸೋಂಕು ಹೋಗುತ್ತದೆ. ಉಳಿದವರಿಗೆ ಸಾಮಾನ್ಯವಾಗಿ ಮೂರು ತಿಂಗಳ ರೈಬಾವಿರಿನ್ ಎಂಬ ವೈರಸ್ ನಿರೋಧಕ ಔಷಧ. ಅದು ರಕ್ತಹೀನತೆ ತರುವುದರಿಂದ ಹಿಮೋಗ್ಲೋಬಿನ್ ಆಗಾಗ ನೋಡುತ್ತಲೇ ಇರಬೇಕು.